ಎರಡು ಗಂಟೆಗೊಮ್ಮೆ ಸಕ್ಷನ್ ಯಾಕೆ?

ಐಸಿಯು ಚಾರ್ಟಿನಲ್ಲಿ "ಸಕ್ಷನ್, 2 ಗಂಟೆಗೊಮ್ಮೆ" ಅಂತ ಮೊದಲೇ ಬರೆದಿಡುವ ಅಭ್ಯಾಸ ಇನ್ನೂ ಎಷ್ಟೋ ಕಡೆ ಇದೆ. ಅದು ನಿಲ್ಲಬೇಕು. ಸಕ್ಷನ್ ಅಂದರೆ ವೆಂಟಿಲೇಟರಿಗಾಗಿ ಬಾಯಿಯಿಂದ ಶ್ವಾಸನಾಳಕ್ಕೆ ಹಾಕಿದ ಟ್ಯೂಬಿನೊಳಗೆ ತೆಳು ಪೈಪ್ ಇಳಿಸಿ ಕಫ ಎಳೆದು ತೆಗೆಯುವುದು. ನಾನು ಕೊಡಗಿನಲ್ಲಿ ಐಸಿಯು ನರ್ಸ್. ನರ್ಸಿಂಗ್ ಓದುತ್ತಿರುವ ಮಕ್ಕಳಿಗೂ, ಮನೆಯವರನ್ನು ಒಳಗೆ ಬಿಟ್ಟು ಹೊರಗೆ ಬೆಂಚಿನ ಮೇಲೆ ರಾತ್ರಿ ಕಳೆಯುವವರಿಗೂ ಅರ್ಥವಾಗುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ನಮಗೆ ಗಂಟಲಲ್ಲಿ ಕಫ ಬಂದರೆ ಕೆಮ್ಮುತ್ತೇವೆ, ಮುಗಿಯಿತು. ವೆಂಟಿಲೇಟರಿನಲ್ಲಿ ಇರುವವರಿಗೆ ಅದು ಆಗುವುದಿಲ್ಲ. ಟ್ಯೂಬ್ ಧ್ವನಿಪೆಟ್ಟಿಗೆಯ ಮಧ್ಯದಿಂದ ಹೋಗಿರುತ್ತದೆ, ಗಂಟಲು ಬಿಗಿಹಿಡಿದು ಜೋರಾಗಿ ಕೆಮ್ಮಲು ಆಗದು, ಮೇಲಿಂದ ನಿದ್ದೆ ಔಷಧಿ ಬೇರೆ. ಹಾಗಾಗಿ ಕಫ ತೆಗೆಯುವುದು ನಮ್ಮ ಕೆಲಸ. ತೆಗೆಯದೆ ಬಿಟ್ಟರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ, ಶ್ವಾಸಕೋಶದ ಒಂದು ಭಾಗ ಮುದುಡುತ್ತದೆ, ಸೋಂಕು ಹಿಡಿಯುತ್ತದೆ.

ಆದರೆ ಸಕ್ಷನ್ ಕೂಡ ಸುಮ್ನೆ ಮಾಡುವ ಕೆಲಸ ಅಲ್ಲ. ಪೈಪ್ ಒಳಗೆ ಹೋದಾಗ ಕಫದ ಜೊತೆ ಗಾಳಿಯೂ ಎಳೆದುಕೊಂಡು ಬರುತ್ತದೆ. ಆಕ್ಸಿಜನ್ ಇಳಿಯಬಹುದು. ಕೆಲವರಿಗೆ ಹೃದಯದ ಬಡಿತ ಒಮ್ಮೆಲೇ ನಿಧಾನ ಆಗುತ್ತದೆ. ಶ್ವಾಸನಾಳದ ಒಳಚರ್ಮ ಕಿತ್ತು ರಕ್ತ ಬರಬಹುದು. ನೋವಂತೂ ಖಂಡಿತ, ಪ್ರಜ್ಞೆ ಇರುವವರ ಕಣ್ಣಲ್ಲೇ ಅದು ಗೊತ್ತಾಗುತ್ತದೆ. ಎದೆ ಸ್ವಚ್ಛವಾಗಿದ್ದಾಗಲೂ ಗಡಿಯಾರ ನೋಡಿ ಪೈಪ್ ಹಾಕಿದರೆ ಈ ತೊಂದರೆಗಳಷ್ಟೇ ಸಿಗುವುದು. ಅಮೆರಿಕದ ಉಸಿರಾಟ ಚಿಕಿತ್ಸಕರ ಸಂಘ ಎಎಆರ್‌ಸಿ 2010ರಲ್ಲೇ ಇದನ್ನು ಹೇಳಿತ್ತು, 2022ರ ಮಾರ್ಗಸೂಚಿಯಲ್ಲೂ ಹೇಳಿದೆ: ಬೇಕಾದಾಗ ಮಾತ್ರ ಮಾಡಿ.

ಬೇಕು ಅಂತ ಹೇಗೆ ಗೊತ್ತಾಗಬೇಕು? ಎದೆ ಮೇಲೆ ಕೈ ಇಡಿ, ಗೊರಗೊರ ಅನ್ನುವುದು ಅಂಗೈಗೇ ತಿಳಿಯುತ್ತದೆ. ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಕೇಳಿ. ಪ್ರೆಶರ್ ಅಲಾರ್ಮ್ ಕೂಗುತ್ತಿದೆಯಾ, ಪ್ರೆಶರ್ ಮೋಡ್ (ನಿಗದಿ ಮಾಡಿದ ಒತ್ತಡದಲ್ಲಿ ಗಾಳಿ ಕೊಡುವ ವಿಧಾನ) ಆದರೆ ಒಳಗೆ ಹೋಗುವ ಗಾಳಿಯ ಅಳತೆ ಕಡಿಮೆ ಆಗುತ್ತಿದೆಯಾ, ನೋಡಿ. ಇನ್ನೊಂದು ಗುರುತು ವೆಂಟಿಲೇಟರಿನ ಪರದೆಯಲ್ಲೇ ಇರುತ್ತದೆ, ಉಸಿರು ಹೊರಗೆ ಬರುವಾಗ ಗಾಳಿಯ ಹರಿವು ತೋರಿಸುವ ಫ್ಲೋ ಗೆರೆ ನುಣುಪಾಗಿ ಇಳಿಯುವ ಬದಲು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ.

ಇಲ್ಲಿ ಮಡಿಕೇರಿ ಕಡೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಜುಲೈ, ಆಗಸ್ಟ್ ಮಳೆಯಲ್ಲಿ ರೂಮು ತಣ್ಣಗಿರುತ್ತದೆ. ಗಾಳಿಗೆ ಬಿಸಿ, ತೇವ ಸೇರಿಸುವ ಹ್ಯುಮಿಡಿಫೈಯರಿನಿಂದ ಬೆಚ್ಚಗೆ ಹೊರಟ ಗಾಳಿ ದಾರಿಯಲ್ಲೇ ತಣಿದು, ಮೆಷಿನಿನಿಂದ ರೋಗಿಯವರೆಗಿನ ಸರ್ಕ್ಯೂಟಿನ ಟ್ಯೂಬಿನೊಳಗೆ ನೀರಾಗಿ ನಿಲ್ಲುತ್ತದೆ. ಆ ನೀರು ಅಲುಗಾಡಿದರೂ ಪರದೆ ಮೇಲೆ ಅದೇ ಗರಗಸದ ಗೆರೆ ಬರುತ್ತದೆ! ಗೆರೆ ಕಂಡ ತಕ್ಷಣ ಸಕ್ಷನ್‌ಗೆ ಕೈ ಹಾಕಬೇಡಿ, ಮೊದಲು ಸರ್ಕ್ಯೂಟಿನ ಟ್ಯೂಬ್ ನೋಡಿ. ನೀರಿದ್ದರೆ ರೋಗಿಯ ಬಾಯಿ ಕಡೆಗೆ ಹರಿಯದ ಹಾಗೆ ಹಿಡಿದು ಹೊರಗೆ ಬಸಿಯಿರಿ. ಆಮೇಲೆ ಮತ್ತೆ ನೋಡಿ, ಎದೆ ಕೇಳಿ. ಎಷ್ಟೋ ಸಲ ಸಕ್ಷನ್ ಬೇಕೇ ಆಗುವುದಿಲ್ಲ. ಚಳಿಗೆ ನೀರು ನಿಲ್ಲುತ್ತದೆ ಅಂತ ಹ್ಯುಮಿಡಿಫೈಯರ್ ಆಫ್ ಮಾಡುವುದಂತೂ ಬೇಡವೇ ಬೇಡ. ಗೋಡೆಯ ಪೈಪ್‌ಲೈನಿನಿಂದ ಬರುವ ಆಕ್ಸಿಜನ್ ಒಣ ಗಾಳಿ, ಕಫ ಅಂಟಿನ ಹಾಗೆ ಗಟ್ಟಿಯಾಗಿ ಟ್ಯೂಬಿಗೇ ಮೆತ್ತಿಕೊಳ್ಳುತ್ತದೆ.

ಕಫ ಗಟ್ಟಿ ಇದೆ ಅಂತ ಸಲೈನ್ ಹಾಕಿ ಎಳೆಯುವುದು ಇನ್ನೊಂದು ಹಳೇ ಅಭ್ಯಾಸ. ಪ್ರತಿ ಸಲ ಹಾಗೆ ಮಾಡಬಾರದು. ಹಾಕಿದ ನೀರು ಪೂರ್ತಿ ವಾಪಸ್ ಬರುವುದಿಲ್ಲ, ಆಕ್ಸಿಜನ್ ಮತ್ತಷ್ಟು ಇಳಿಯುತ್ತದೆ. ಸಕ್ಷನ್ ಎಳೆತದ ಒತ್ತಡ ಏರಿಸುವುದೂ ಪರಿಹಾರ ಅಲ್ಲ. ಗಾಳಿಯ ಬಿಸಿ, ತೇವ ಸರಿ ಇದೆಯಾ ನೋಡುವುದು ಮೊದಲ ಕೆಲಸ.

ಮಾಡಲೇಬೇಕಾದಾಗ ಸರಿಯಾಗಿ ಮಾಡಿ. ಮೊದಲು 30ರಿಂದ 60 ಸೆಕೆಂಡ್ ನೂರಕ್ಕೆ ನೂರು ಆಕ್ಸಿಜನ್. ಪೈಪಿನ ದಪ್ಪ ಟ್ಯೂಬಿನ ಒಳಅಳತೆಯ ಅರ್ಧ ಮೀರಬಾರದು. ಲೆಕ್ಕ ಸುಲಭ, ಟ್ಯೂಬ್ ನಂಬರನ್ನು (ಮಿಲಿಮೀಟರಿನಲ್ಲಿ ಅದರ ಒಳಅಳತೆ) ಎರಡರಿಂದ ಗುಣಿಸಿ ನಾಲ್ಕು ಕಳೆಯಿರಿ, 8ರ ಟ್ಯೂಬಿಗೆ 12 ಫ್ರೆಂಚ್ (ಸಕ್ಷನ್ ಪೈಪಿನ ದಪ್ಪದ ಅಳತೆ). ಒಳಗೆ ಹೋಗುವಾಗ ಎಳೆತ ಬೇಡ, ಹೊರಗೆ ತೆಗೆಯುವಾಗ ಮಾತ್ರ. ಒಂದು ಸಲಕ್ಕೆ 15 ಸೆಕೆಂಡ್ ಒಳಗೆ ಮುಗಿಯಬೇಕು. ಮತ್ತೆ, ದಯವಿಟ್ಟು ಹೇಳಿ ಮಾಡಿ. "ಅಜ್ಜ, ಕಫ ತೆಗೆಯುತ್ತೇನೆ, ಕೆಮ್ಮು ಬರುತ್ತದೆ, ಬೇಗ ಮುಗಿಸುತ್ತೇನೆ" ಅನ್ನಲು ಎಷ್ಟು ಹೊತ್ತು ಬೇಕು? ನಿದ್ದೆ ಔಷಧಿಯಲ್ಲಿ ಇರುವವರಿಗೂ ಕಿವಿ ಕೇಳಿಸಬಹುದು ಅಲ್ವಾ.

ಇದಕ್ಕೆ ಪೂರ್ತಿ ಉಲ್ಟಾ ಸಂದರ್ಭವೂ ಇದೆ. ತೋಟಕ್ಕೆ ಹೊಡೆಯುವ ಕೆಲವು ಕೀಟನಾಶಕ ಮೈ ಸೇರಿದವರಿಗೆ ಎದೆಯಲ್ಲಿ ನೀರು ನೀರಾದ ಸ್ರಾವ ಉಕ್ಕಿ ಬರುತ್ತದೆ. ಅವರಿಗೆ ಎರಡು ಗಂಟೆ ಕಾದರೆ ಜೀವವೇ ಹೋಗುತ್ತದೆ, ಹತ್ತು ನಿಮಿಷಕ್ಕೊಮ್ಮೆಯೂ ಸಕ್ಷನ್ ಬೇಕಾಗಬಹುದು. ಈ ಸ್ರಾವ ನಿಲ್ಲಿಸಲು ಕೊಡುವ ಔಷಧಿ ಅಟ್ರೋಪಿನ್ ಸಾಕಾಯಿತಾ ಅಂತ ಡಾಕ್ಟರು ನೋಡುವ ಮುಖ್ಯ ಗುರುತೂ ಎದೆಯೇ, ಸದ್ದು ತಿಳಿಯಾಯಿತಾ ಅಂತ. ಅದನ್ನು ಪದೇ ಪದೇ ಕೇಳಿ ಹೇಳುವವರು ಹಾಸಿಗೆ ಪಕ್ಕದಲ್ಲಿರುವ ನರ್ಸ್.

ಆದರೆ ಪಕ್ಕದಲ್ಲಿ ಇದ್ದರೆ ತಾನೇ? ವೆಂಟಿಲೇಟರಿನ ರೋಗಿ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ಮೂರ್ನಾಲ್ಕು ಜನರನ್ನು ಒಬ್ಬಳೇ ನೋಡಿಕೊಳ್ಳುವಾಗ ಗಡಿಯಾರದ ಮೊರೆ ಹೋಗುವುದು ಸಹಜ, ನನಗೆ ನಮ್ಮ ಹುಡುಗಿಯರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ಮೆಷಿನ್ ತರಿಸಿ ಫೋಟೋ ಹಾಕಿ, ಅದರ ಪಕ್ಕ ನಿಲ್ಲುವವರನ್ನು ನೇಮಿಸದವರ ಮೇಲೆ. ನಮ್ಮ ಜಿಲ್ಲೆಯಿಂದ ಮೈಸೂರಿಗೋ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ ಕಳಿಸಬೇಕೆಂದರೆ ಗಂಟೆಗಟ್ಟಲೆ ದಾರಿ. ಇಲ್ಲೇ ಚೆನ್ನಾಗಿ ನೋಡಿಕೊಳ್ಳಲು ಜನ ಬೇಕು.

ಜನ ಬರುವವರೆಗೆ ಖರ್ಚಿಲ್ಲದ ಒಂದು ಬದಲಾವಣೆ ಮಾಡಬಹುದು. ಚಾರ್ಟಿನಲ್ಲಿ ಆ ಕಾಲಂ ಹೆಸರು ಬದಲಿಸಿ. ಎರಡು ಗಂಟೆಗೊಮ್ಮೆ ಎದೆ ಪರೀಕ್ಷೆ ಅಂತ ಬರೆಯಿರಿ. ಏನು ಕೇಳಿಸಿತು, ಸಕ್ಷನ್ ಬೇಕಾಯಿತಾ ಇಲ್ಲವಾ, ಮಾಡಿದ್ದರೆ ಕಫದ ಬಣ್ಣ ಏನು, ತೆಳುವೋ ಗಟ್ಟಿಯೋ, ರಕ್ತ ಇತ್ತಾ, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು, ಇಷ್ಟು ತುಂಬಲು ಜಾಗ ಬಿಡಿ. "ಬೇಕಾಗಲಿಲ್ಲ" ಅಂತ ಬರೆದ ನರ್ಸನ್ನು ಬೆಳಿಗ್ಗೆ ರೌಂಡ್ಸ್‌ನಲ್ಲಿ ಯಾರೂ ಬೈಯಬೇಡಿ.