ಶೇಕಡಾವಾರು ಫಲಿತಾಂಶವೊಂದೇ ಸಾಲದು

ಕಾಸರಗೋಡು ನಗರದ ಸರ್ಕಾರಿ ಪ್ರೌಢಶಾಲೆಗಳನ್ನು ಎಸ್ಸೆಸ್ಸೆಲ್ಸಿ ಉತ್ತೀರ್ಣತೆಯ ಆಧಾರದಲ್ಲಿ ಹೋಲಿಸಿರುವ ಈ ಲೇಖನದಿಂದ ಕನ್ನಡ ಮಾಧ್ಯಮದ ಪೋಷಕರಿಗೆ ಹೆಚ್ಚಿನ ಪ್ರಯೋಜನವಿಲ್ಲ. 2024ರಲ್ಲಿ ಇಡೀ ಕೇರಳದ ಫಲಿತಾಂಶವೇ ಶೇ. 99.69 ಇತ್ತು. ಗಣಿತದಂತಹ ವಿಷಯದಲ್ಲಿ 100ರ ಪೈಕಿ 20 ಅಂಕಗಳನ್ನು ನಿರಂತರ ಮೌಲ್ಯಮಾಪನದ ಹೆಸರಿನಲ್ಲಿ ಶಾಲೆಯೇ ನೀಡುವ ವ್ಯವಸ್ಥೆಯಲ್ಲಿ, ನೂರಕ್ಕೆ ನೂರು ಫಲಿತಾಂಶ ಪಡೆದ ಎರಡು ಶಾಲೆಗಳ ನಡುವಿನ ಅಂತರ ಈ ಅಂಕಿಗಳಲ್ಲಿ ಕಾಣುವುದೇ ಇಲ್ಲ. ಎಲ್ಲ ವಿಷಯಗಳಲ್ಲಿ ಅತ್ಯುನ್ನತ ಶ್ರೇಣಿಯಾದ ಎ ಪ್ಲಸ್ ಪಡೆದವರ ಲೆಕ್ಕ ತುಸು ಮೇಲು; ಅದನ್ನಾದರೂ ಮಾಧ್ಯಮವಾರು ಬಿಡಿಸಿ ಕೊಡಬಹುದಿತ್ತು.

ಇಲ್ಲಿ ನಿಜವಾಗಿ ಕೇಳಬೇಕಾದದ್ದು, ಕನ್ನಡ ವಿಭಾಗದ ಗಣಿತ ಮತ್ತು ವಿಜ್ಞಾನದ ಹುದ್ದೆಗಳಲ್ಲಿ ಕನ್ನಡ ಬಲ್ಲ ಅಧ್ಯಾಪಕರಿದ್ದಾರೆಯೇ ಎಂಬುದು. ನನ್ನ ಮಗಳ ತರಗತಿಯಲ್ಲಿ ಒಂದು ವರ್ಷ ಗಣಿತದ ಅಧ್ಯಾಪಕರಿಗೆ ಕನ್ನಡ ಬಾರದ ಕಾರಣ, ಕಪ್ಪುಹಲಗೆಯಲ್ಲಿ ಲೆಕ್ಕವೇನೋ ಸರಿಯಾಗಿಯೇ ಇರುತ್ತಿತ್ತು, ವಿವರಣೆ ಮಾತ್ರ ಮಲಯಾಳದಲ್ಲಿ. ಮಲಯಾಳ ಗೊತ್ತಿದ್ದ ಹುಡುಗಿಯೊಬ್ಬಳು ಮುಂದಿನ ಬೆಂಚಿನಿಂದ ತಿರುಗಿ ಉಳಿದವರಿಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದಳು. ಪಠ್ಯಪುಸ್ತಕವೂ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿದ್ದು, ಪಾಠ ಮಾತ್ರ ಬೇರೆ ಭಾಷೆಯಲ್ಲಿ ನಡೆದರೆ ಅದು ಯಾವ ಮಾಧ್ಯಮವೆಂದು ಇಲಾಖೆಯೇ ಹೇಳಬೇಕು. ಆ ಶಾಲೆಯ ಫಲಿತಾಂಶ ಆ ವರ್ಷವೂ ಕುಸಿಯಲಿಲ್ಲ.

ಕಟ್ಟಡ, ಸ್ಮಾರ್ಟ್ ತರಗತಿಗಳ ವಿಚಾರದಲ್ಲಿ ಲೇಖಕರು ಬರೆದಿರುವುದು ಸರಿಯಾಗಿದೆ. ಆದರೆ ಎಂಟನೆಯ ತರಗತಿಗೆ ಮಗುವನ್ನು ಸೇರಿಸುವವರು ಖಾಲಿ ಹುದ್ದೆಗಳ ಸಂಖ್ಯೆ, ದಿನಗೂಲಿ ಅಧ್ಯಾಪಕರು ಜೂನ್‌ನಲ್ಲೇ ಬರುತ್ತಾರೆಯೇ ಎಂಬ ವಿವರ ಹಾಗೂ ಹತ್ತರ ನಂತರ ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ಲಸ್ ವನ್‌ನಲ್ಲಿ (ಹನ್ನೊಂದನೆಯ ತರಗತಿಯಲ್ಲಿ) ಸಿಗುವ ನೆರವು, ಇವುಗಳನ್ನು ಮುಖ್ಯೋಪಾಧ್ಯಾಯರಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.