ಓನರ್ ಆನ್‌ಲೈನ್‌ನಲ್ಲಿದ್ದಾರೆ

ಬೆಂಗಳೂರಿನ ಸರ್ಜಾಪುರ ರಸ್ತೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈಗ ಮನೆ ರೆಡಿಯಾಗುವುದು ವಾಟ್ಸಾಪ್ ಗ್ರೂಪಿನಲ್ಲಿ. ಓನರ್ ಕ್ಯಾಲಿಫೋರ್ನಿಯಾದಲ್ಲಿ, ಇಂಟೀರಿಯರ್ ಡಿಸೈನರ್ ಕೋರಮಂಗಲದಲ್ಲಿ, ಉಸ್ತುವಾರಿಗೆ ನೇಮಕವಾದ ರಿಟೈರ್ಡ್ ಅಪ್ಪ ದಾವಣಗೆರೆಯಲ್ಲಿ. ಗ್ರೂಪಿನಲ್ಲಿ ಇಲ್ಲದವನು ಒಬ್ಬನೇ, ಮೊಳೆ ಹೊಡೆಯುವ ಬಡಗಿ. ಅವನಿಗೆ ಸುದ್ದಿ ತಲುಪುವ ಹೊತ್ತಿಗೆ ವಾರ್ಡ್‌ರೋಬ್ ಎದ್ದು ನಿಂತಿರುತ್ತದೆ, ಅದೂ ಸ್ವಿಚ್ ಬೋರ್ಡಿಗೆ ಅಡ್ಡಲಾಗಿ.

ಮೊದಲು ಬರುವುದು ಮುಂದೆ ಮನೆ ಹೇಗಿರುತ್ತದೆಂದು ತೋರಿಸುವ 3ಡಿ ಚಿತ್ರ. ಅದರ ಕಿಟಕಿಯಾಚೆ ದಟ್ಟ ಕಾಡು. ನಿಜವಾದ ಕಿಟಕಿಯಾಚೆ ಪಕ್ಕದ ಟವರಿನ ಬಚ್ಚಲ ಪೈಪು. ಚಿತ್ರದ ಅಡುಗೆಮನೆಯಲ್ಲಿ ಒಂದು ಬಟ್ಟಲು ನಿಂಬೆಹಣ್ಣು ಬಿಟ್ಟರೆ ಬೇರೇನೂ ಇಲ್ಲ. ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ, ಸಾಸಿವೆ ಡಬ್ಬಿಯೂ ಇಲ್ಲ. "ದೋಸೆಹಿಟ್ಟಿನ ಗ್ರೈಂಡರ್ ಎಲ್ಲಿಡೋದಪ್ಪಾ?" ಅಂತ ಓನರ್ ತಾಯಿ ಕೇಳಿದರೆ ಗ್ರೂಪಿನಲ್ಲಿ ಅರ್ಧ ದಿನ ಸದ್ದಿಲ್ಲ. ಆಮೇಲೆ ಉತ್ತರ: "ಮ್ಯಾಮ್, ಲುಕ್ ಹಾಳಾಗುತ್ತೆ."

ಓನರ್ ಕೂಡ ಪೆದ್ದರೇನಲ್ಲ. ಯೂಟ್ಯೂಬ್ ನೋಡಿ ಪ್ಲೈವುಡ್ ಪಂಡಿತರಾಗಿದ್ದಾರೆ. ಅಡುಗೆಮನೆಗೆ ನೀರು ತಡೆಯುವ ಐಎಸ್ 710 ದರ್ಜೆಯ ಹಲಗೆಯೇ ಆಗಬೇಕು, 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಅಂತ ಗೊತ್ತು. ವಿಡಿಯೋ ಕಾಲ್‌ನಲ್ಲಿ ಹಲಗೆ ಮೇಲಿನ ಸೀಲ್ ತೋರಿಸಿ ಅನ್ನುತ್ತಾರೆ. ಸೂಪರ್‌ವೈಸರ್ ತೋರಿಸುತ್ತಾನೆ. ತೋರಿಸಲೆಂದೇ ಒಂದು ಹಲಗೆ ಗೋಡೆಗೆ ಒರಗಿ ನಿಂತಿದೆಯಲ್ವಾ! ಹೋದ ವಾರ ಇನ್ನೊಂದು ಫ್ಲ್ಯಾಟಿನ ಓನರ್‌ಗೂ ಅದೇ ದರ್ಶನ ಕೊಟ್ಟಿತ್ತು. ಮಿಕ್ಕ ಹಲಗೆಗಳ ಮೇಲೆ ಲ್ಯಾಮಿನೇಟ್ ಅನ್ನೋ ಬಣ್ಣದ ಹಾಳೆ ಕೂತಾಗಿದೆ. ಒಳಗಿರುವುದು 710ಓ ಮರದ ಪುಡಿಯೋ, ಹೇಳಬೇಕಾದವರು ಗೆದ್ದಲುಗಳೇ.

ಬಡಗಿ ಬೆಳಗ್ಗೆ 10ಕ್ಕೆ ಡ್ರಿಲ್ ಹಿಡಿದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ರಾತ್ರಿ. ಗ್ರೂಪಿಗೆ ಬಂದ ಫೋಟೋಗೆ ಆಕಳಿಸುತ್ತಾ ಓನರ್ ಹೆಬ್ಬೆರಳಿನ ಇಮೋಜಿ ಒತ್ತುತ್ತಾರೆ. ಫೋನಿನಲ್ಲಿ ಕೆನೆಬಣ್ಣ ಕಂಡ ಲ್ಯಾಮಿನೇಟು ಹಾಲ್‌ನಲ್ಲಿ ಪೊಲೀಸ್ ಖಾಕಿ. ಅಪ್ಪ ಎರಡು ಬಸ್ ಬದಲಿಸಿ ಬಂದು ನೋಡಿ, "ಚೆನ್ನಾಗಿದೆ" ಅಂತ ಬರೆಯುತ್ತಾರೆ. ಮೂಲೆಯಲ್ಲಿದ್ದ ಕಸದ ಮೂಟೆಗಳ ಫೋಟೋಗೂ ಅವರದು ಅದೇ ಅಭಿಪ್ರಾಯ.

ದುಡ್ಡಿನ ಲೆಕ್ಕ ಮಾತ್ರ ಬಲು ಚೊಕ್ಕ. ಬುಕಿಂಗ್‌ಗೆ ಶೇ. 10, ಕೆಲಸ ಶುರುವಿಗೆ ಶೇ. 50, ಸಾಮಾನು ಫ್ಯಾಕ್ಟರಿ ಬಿಡುವ ಮೊದಲೇ ಉಳಿದ ಶೇ. 40. ಇಡೀ ಪ್ರಾಜೆಕ್ಟಿನಲ್ಲಿ ಟೈಮಿಗೆ ಸರಿಯಾಗಿ ಬಂದದ್ದು ಇದೊಂದೇ. 45 ದಿನದಲ್ಲಿ ಮನೆ ಮುಗಿಸಿಕೊಡುವ ಮಾತು? ಯಾವ 45 ದಿನ ಅಂತ ಯಾರೂ ಬರೆದುಕೊಟ್ಟಿರಲಿಲ್ಲ ಬಿಡಿ.

ಕಡೆಗೂ ಡಿಸೆಂಬರಿನಲ್ಲಿ ಓನರ್ ಬಂದಿಳಿದರು. ಯಲಹಂಕದ ಅಕ್ಕನ ಮನೆಯಿಂದ ಸರ್ಜಾಪುರ ರಸ್ತೆಗೆ ಹೊರಟವರು ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತು, ಕಾರು ತಿರುಗಿಸಿ ಡಿಸೈನರ್‌ಗೆ ಫೋನ್ ಮಾಡಿದರು: "ಸುಮ್ನೆ ಯಾಕೆ ತೊಂದರೆ, ವಿಡಿಯೋ ಕಾಲ್‌ನಲ್ಲೇ ತೋರಿಸಿಬಿಡಿ."