ಕಳ್ಳನ ವಿಳಾಸಕ್ಕೆ ಎರಡು ಝೆರಾಕ್ಸ್ ತನ್ನಿ

ಕಳವಿನ ದೂರು ಕೊಡಲು ಹೋದವರಿಗೆ ಠಾಣೆಯಲ್ಲಿ ಮೊದಲು ಕೇಳೋದು, ‘ಯಾರ ಮೇಲೆ ಅನುಮಾನ?’ ರಾಯಚೂರಿನ ನಮ್ಮ ಓಣಿಯ ಹತ್ತಿ ದಲಾಲರ ಮಗನಿಗೆ ಅನುಮಾನದ ಗೊಡವೆಯೇ ಇರಲಿಲ್ಲ. ಅವನ ಕಳವಾದ ಬಿಟ್‌ಕಾಯಿನ್ (ಕಂಪ್ಯೂಟರಿನಲ್ಲೇ ಓಡಾಡುವ ಹಣ) ಎಷ್ಟು ಗಂಟೆಗೆ ಹೋಯಿತು, ಯಾವ ವಿಳಾಸಕ್ಕೆ ಹೋಯಿತು, ಅಲ್ಲಿಂದ ಎಷ್ಟು ಚೂರಾಯಿತು, ಎಲ್ಲ ಮೊಬೈಲಿನಲ್ಲೇ ಕಾಣುತ್ತಿತ್ತು. 2009ರಿಂದ ನಡೆದ ಪ್ರತಿ ವ್ಯವಹಾರ ಬಿಟ್‌ಕಾಯಿನ್‌ನ ಬಹಿರಂಗ ಲೆಕ್ಕದ ಖಾತೆಯಲ್ಲಿದೆ. ಯಾರು ಬೇಕಾದರೂ ತೆರೆದು ನೋಡಬಹುದು. ನಮ್ಮ ದಲಾಲರ ಖಾತೆ ಪುಸ್ತಕ ಮನೆಯವರಿಗೂ ಕಾಣಿಸೋದಿಲ್ಲ, ಆ ಮಾತು ಬೇರೆ.

‘ಸಾಹೇಬ್ರೆ, ಕಳ್ಳನ ವಿಳಾಸ ಇಲ್ಲೇ ಇದೆ.’

ಸಾಹೇಬರು ಕನ್ನಡಕ ಏರಿಸಿ ಓದಿದರು. ‘ಬಿ, ಸಿ, ಒಂದು, ಕ್ಯೂ... ಇದು ಯಾವ ಓಣಿ ತಮ್ಮಾ? ನಮ್ಮ ಸರಹದ್ದಿಗೆ ಬರ್ತದೇನು?’

ಆಮೇಲೆ ಎರಡು ಝೆರಾಕ್ಸ್ ಕೇಳಿದರು, ಗೆಜೆಟೆಡ್ ಅಧಿಕಾರಿಯ ಸಹಿ ಸಮೇತ. ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳು ತಾಳೆ ನೋಡಿ ಒಪ್ಪಿದ ಲೆಕ್ಕ ಅದು. ಆದರೂ ದುಂಡನೆ ಸೀಲು ಬೀಳದೆ ನಂಬೋದು ಹೇಗೆ, ಅಲ್ವಾ?

ಹಿಡಿಯುವವರು ಹಿಡಿದಿದ್ದಾರೆ. 2016ರಲ್ಲಿ ಬಿಟ್‌ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್ ಆದ ಬಿಟ್‌ಫಿನೆಕ್ಸ್‌ನಿಂದ ಸುಮಾರು 1.2 ಲಕ್ಷ ಬಿಟ್‌ಕಾಯಿನ್ ಕಳವಾದವು. ಅಮೆರಿಕದವರು ವರ್ಷಗಟ್ಟಲೆ ಅದೇ ಖಾತೆಯ ಜಾಡು ಹಿಡಿದು 2022ರಲ್ಲಿ 94,000ಕ್ಕೂ ಹೆಚ್ಚು ವಶಪಡಿಸಿಕೊಂಡರು. ಅದಕ್ಕೂ ಮುಂಚೆ, 2021ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಮನೆಯಲ್ಲಿ ಬೇರೊಂದು ಕಳವಿನ 50,000ಕ್ಕೂ ಹೆಚ್ಚು ಸಿಕ್ಕವು. ಅವುಗಳ ಕೀಲಿಯಿದ್ದ ಸಾಧನಗಳು ನೆಲದಡಿಯ ತಿಜೋರಿಯಲ್ಲಿ ಒಂದಿಷ್ಟು, ಬಚ್ಚಲುಮನೆಯ ಪಾಪ್‌ಕಾರ್ನ್ ಡಬ್ಬಿಯಲ್ಲಿ ಒಂದಿಷ್ಟು!

ವಿಳಾಸಕ್ಕೆ ಹೆಸರಿರೋದಿಲ್ಲ, ನಿಜ. ಆದರೆ ಕದ್ದವನು ಅದನ್ನು ರೂಪಾಯಿ ಮಾಡಿಕೊಳ್ಳಲು ಎಕ್ಸ್‌ಚೇಂಜ್‌ಗೆ ಬಂದರೆ ಅಲ್ಲಿ ಕೆವೈಸಿ ಇರುತ್ತದೆ. ‘ಈ ಗಿರಾಕಿಯ ಖಾತೆ ತಡೆಹಿಡಿಯಿರಿ’ ಅಂತ ಅಲ್ಲಿಗೆ ಬೇಗ ಒಂದು ಪತ್ರ ಹೋಗಬೇಕು. ಬಿಟ್‌ಕಾಯಿನ್ ಖಾತೆಗೆ ಸುಮಾರು 10 ನಿಮಿಷಕ್ಕೊಂದು ಹೊಸ ಬ್ಲಾಕ್, ಅಂದರೆ ವ್ಯವಹಾರಗಳ ಕಂತೆ, ಸೇರುತ್ತದೆ. ನಮ್ಮ ಪತ್ರ ಮಾತ್ರ ಮೇಲಿನವರ ಮೂಲಕವೇ ಹೋಗಬೇಕು. ಮೇಲಿನವರು ಮೀಟಿಂಗಿನಲ್ಲಿದ್ದರು.

ತೆರಿಗೆಯವರಿಗೆ ಇಂಥ ಗೊಂದಲವೇ ಇಲ್ಲ. ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಹಣ ಏನು ಅಂತ ನಮ್ಮ ಕಾನೂನು ಇನ್ನೂ ಯೋಚಿಸುತ್ತಿರುವಾಗಲೇ, 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆ ಬಂತು. ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಅದೇ ಜುಲೈನಿಂದ ಮಾರಾಟಕ್ಕೆ ಶೇ. 1 ಟಿಡಿಎಸ್. ಕಳ್ಳ ಇಲ್ಲಿನ ಎಕ್ಸ್‌ಚೇಂಜ್‌ನಲ್ಲೇ ಮಾರಿದ್ದರೆ ಕದ್ದ ಮಾಲಿನಲ್ಲೂ ಸರ್ಕಾರದ ಪಾಲು ಆಗಲೇ ಜಮೆಯಾಗಿರುತ್ತದೆ.

ಹುಡುಗ ಇದನ್ನು ಹೇಳಿದ್ದೇ ತಡ, ಸಾಹೇಬರ ಮುಖ ಅರಳಿತು. ‘ಹಾಂಗಾದ್ರೆ ಟಿಡಿಎಸ್ ವಾಪಸ್ ಕೇಳಾಕ ಅವನು ರಿಟರ್ನ್ ಹಾಕಲೇಬೇಕಲ್ಲ? ಹೆಸರು, ಊರು, ಪ್ಯಾನ್ ಎಲ್ಲಾ ಸಿಗ್ತದ. ಜುಲೈ ತನಕ ಕಾಯೋಣ ತಮ್ಮಾ.’